ಒಂದು ಮೂಟೆ ಭಾರ

ಪಕ್ಕದ ಸೀಟಿಗೆ ಒಂದು ಮೂಟೆ ಫೀಡ್ ಇಟ್ಟರೆ ಸಾಕು ಎಂದು ರಘುನಂದನ್ ಫೋನಿನಲ್ಲಿ ಹೇಳಿದ್ದು ಬೆಳಿಗ್ಗೆ ಎಂಟು ಗಂಟೆಗೆ. ಹತ್ತೂವರೆಯಾದರೂ ಆ ಮೂಟೆ ಜವರಯ್ಯನ ತಲೆಯಿಂದ ಕೆಳಗಿಳಿದಿರಲಿಲ್ಲ. ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ರೇಸಿನ ಕಾರಿಗೆ ಸ್ಪ್ರಿಂಗ್ ಕೂರಿಸಿ ಎತ್ತರ ಹೊಂದಿಸುವಾಗ ಓಡಿಸುವವನ ಭಾರ, ಪಕ್ಕದಲ್ಲಿ ಕೂತು ದಾರಿ ಓದುವವನ ಭಾರ, ಎರಡೂ ಸೀಟಿನ ಮೇಲೆ ಇರಬೇಕು. ಮನುಷ್ಯ ಸಿಗದಿದ್ದರೆ ಅಷ್ಟೇ ತೂಕದ ಇನ್ನೇನನ್ನಾದರೂ ಇಡಬೇಕು. ಡೈರಿಯಲ್ಲಿ ಕೊಡುವ ದನದ ಫೀಡಿನ ಮೂಟೆ ಐವತ್ತು ಕಿಲೋ. ಜವರಯ್ಯ ಎಪ್ಪತ್ತೊಂಬತ್ತು ಕಿಲೋ. ಹನ್ನೊಂದು ವರ್ಷದಿಂದ ಆ ಸೀಟಿನಲ್ಲಿ ಕೂತು ದಾರಿ ಓದುತ್ತಿದ್ದವನು ಜವರಯ್ಯ. ಲೆಕ್ಕ ಬಲ್ಲ ಯಾರಿಗಾದರೂ ಇದರ ಅರ್ಥ ಆಗುತ್ತದೆ, ಅವನಿಗೂ ಆಯಿತು. ಈ ಸಲ ನೀನು ಬೇಡ ಅನ್ನುವುದನ್ನು ಬಾಯಿಬಿಟ್ಟು ಹೇಳಲಾರದೆ ರಘುನಂದನ್ ಕಿಲೋದಲ್ಲಿ ಹೇಳಿದ್ದ. ಜವರಯ್ಯ ಆಯ್ತು ರಘಣ್ಣ ಎಂದು ಫೋನಿಟ್ಟು, ಶೆಡ್ಡಿನ ಮೂಲೆಯಲ್ಲಿ ಅವ್ವ ಕುಳ್ಳಮ್ಮನ ಎಮ್ಮೆಗೆಂದು ತಂದಿಟ್ಟಿದ್ದ ಮೂಟೆಯನ್ನು ಎತ್ತಿ ತಂದು, ತನ್ನ ಸೀಟಿನಲ್ಲಿ ಕೂರಿಸಿ, ಬೀಳದಿರಲಿ ಎಂದು ಬೆಲ್ಟನ್ನೂ ಕಟ್ಟಿದ. ಕೆಲಸ ಅಂದ ಮೇಲೆ ಕೆಲಸ.

ರಘುನಂದನ್ ಫೋನಿಡುವ ಮುಂಚೆ ಇನ್ನೂ ಎರಡು ಮಾತು ಸೇರಿಸಿದ್ದ. ಶ್ವೇತ ಕೂತುಕೊಳ್ಳುತ್ತಾಳೆ ಅನ್ನುವುದು ಒಂದು. ಶ್ವೇತ ಅವನ ಮಗಳು, ಮಂಡ್ಯದಲ್ಲಿ ಎಂಜಿನಿಯರಿಂಗ್ ಎರಡನೇ ವರ್ಷ. ನಿನ್ನ ನೋಟ್‌ಬುಕ್ಕೇ ಸಾಕು, ಹೋದ ವರ್ಷದ ದಾರಿಯೇ ಈ ಸಲವೂ, ಜಮೀನಿನವರು ತಕರಾರು ತೆಗೆದಿರುವುದರಿಂದ ಮುಂಚೆ ಹೋಗಿ ನೋಡಿಬರುವುದಕ್ಕೂ ಬಿಡುವುದಿಲ್ಲವಂತೆ ಅನ್ನುವುದು ಇನ್ನೊಂದು. ಮೊದಲನೆಯ ಮಾತಿಗೆ ಜವರಯ್ಯನಿಗೆ ಹೊಟ್ಟೆ ಉರಿಯಿತು. ಎರಡನೆಯದಕ್ಕೆ ಭಯ ಹಿಡಿಯಿತು. ಯಾಕೆಂದರೆ ಆ ನೋಟ್‌ಬುಕ್ಕಿನಲ್ಲಿ ಒಂದು ತಿರುವು ಇಲ್ಲ. ನಾಗಮಂಗಲದ ಆಚೆ, ನೀಲಗಿರಿ ತೋಪಿನ ಮಣ್ಣುದಾರಿಯಲ್ಲಿ, ಹುಣಸೇಮರ ದಾಟಿದ ಮೇಲೆ, ಕೆರೆಯ ತೂಬಿನ ಹತ್ತಿರ ದಾರಿ ಗಕ್ಕನೆ ಎಡಕ್ಕೆ ತಿರುಗುತ್ತದೆ. ಬರೆದಿಲ್ಲ ಅನ್ನುವುದು ಬರೆಯದೆ ಬಿಟ್ಟವನಿಗೆ ಮಾತ್ರ ಗೊತ್ತು. ಹೋದ ವರ್ಷ ಕಾರು ನೇರ ಹೋಗಿ ಕಾಲುವೆಗೆ ಬಿದ್ದದ್ದು ಅಲ್ಲೇ, ರಘುನಂದನನ ಬಲ ಹೆಗಲ ಮೂಳೆ ಮುರಿದದ್ದೂ ಅಲ್ಲೇ. ಊರಿಗೆಲ್ಲ ಗೊತ್ತಿರುವ ಕಾರಣ ಬೇರೆ: ಸ್ಪ್ರಿಂಗ್ ಭಾರಕ್ಕೆ ಸೋತು ಗಿಡ್ಡವಾಗಿ ಕೂತುಬಿಟ್ಟಿತ್ತು, ಅದಕ್ಕೇ ಕಾರು ಹಿಡಿತಕ್ಕೆ ಸಿಗಲಿಲ್ಲ. ಹಾಗಂತ ಹೇಳಿದವನೂ ಜವರಯ್ಯನೇ. ಮುಂದಿನ ಭಾನುವಾರ ರೇಸು.

ಪಾಂಡವಪುರದ ಸ್ಟೇಷನ್ ರಸ್ತೆಯಲ್ಲಿ ಜವರಯ್ಯನ ಶೆಡ್ಡು ಇದೆ. ಟ್ರಾಕ್ಟರ್ ಟ್ರೈಲರುಗಳ ಸ್ಪ್ರಿಂಗ್ ಪಟ್ಟಿ ಬಿಚ್ಚಿ ಬಗ್ಗಿಸಿ ಕಟ್ಟುವುದು ಅವನ ಹೊಟ್ಟೆಪಾಡು; ಕಾರಿನ ಸ್ಪ್ರಿಂಗು ಅವನ ಹುಚ್ಚು. ಗೋಡೆಯ ಸುಣ್ಣದ ಮೇಲೆ ಪೆನ್ಸಿಲಿನಲ್ಲಿ ಅವನು ಬರೆದಿಟ್ಟ ಅಳತೆಗಳಿವೆ, ಯಾವ ಕಾರಿಗೆ ಯಾವ ಸ್ಪ್ರಿಂಗು, ಹೊಸದರಲ್ಲಿ ಎಷ್ಟು ಉದ್ದ ಅಂತ. ರಘುನಂದನನ ಬಿಳಿ ಝೆನ್ ಕಾರಿನ ಲೆಕ್ಕ ಕಿಟಕಿಯ ಪಕ್ಕದಲ್ಲಿದೆ. ನಾಲ್ಕು ವರ್ಷದ ಕೆಳಗೆ ಆ ಕಾರಿಗೆ ಸ್ಪ್ರಿಂಗ್ ಆರಿಸಲು ಜವರಯ್ಯ ಹದಿನೈದು ದಿನ ತೆಗೆದುಕೊಂಡಿದ್ದ. ಅದೇನು ಸುಲಭದ ಮಾತೇ? ಒಂದೇ ಕಾರು ಭಾನುವಾರ ಮಣ್ಣಿನ ರೇಸಿನಲ್ಲಿ ಓಡಬೇಕು, ಸೋಮವಾರ ರಘುನಂದನನ ಹೆಂಡತಿ ಸುನಿತಾಳನ್ನು ಕರಿಘಟ್ಟದ ದೇವಸ್ಥಾನಕ್ಕೆ ಕರೆದುಕೊಂಡು ಹೋಗಬೇಕು. ಸ್ಪ್ರಿಂಗ್ ಬಿಗಿಯಾದರೆ ರೇಸಿನಲ್ಲಿ ಕಾರು ವಾಲುವುದಿಲ್ಲ, ಆದರೆ ಊರೂರಿನ ರಸ್ತೆಯುಬ್ಬಿಗೆ ಸೊಂಟ ಕಳಚುತ್ತದೆ. ತೀರ ಬಿಗಿಯಾದರೆ ಮಣ್ಣಿನ ಉಬ್ಬಿನ ಮೇಲೆ ಚಕ್ರ ನೆಲವನ್ನೇ ಬಿಟ್ಟು ಕುಣಿಯುತ್ತದೆ. ಮೆತ್ತಗಾದರೆ ಸುನಿತಾಗೆ ಸುಖ, ತಿರುವಿನಲ್ಲಿ ರಘುನಂದನನಿಗೆ ಕಷ್ಟ. ಒಂದು ಮಿಲಿಮೀಟರ್ ಅದುಮಲು ಐದು ಕಿಲೋ ಭಾರ ಬೇಡುವ ಸ್ಪ್ರಿಂಗನ್ನೇ ಹಾಕು ಎಂದು ರಘುನಂದನ್ ಹಟ ಹಿಡಿದಿದ್ದ. ಯಾರದೋ ವಿಡಿಯೋ ನೋಡಿದ್ದನಂತೆ. ಜವರಯ್ಯ ಮೂರೂವರೆ ಕಿಲೋದ್ದು ಹಾಕಿ, ಐದರದ್ದೇ ಅಂತ ಹೇಳಿ, ಮೂರನೆಯ ರೇಸು ಗೆದ್ದ ಮೇಲೆ ನಿಜ ತಿಳಿಸಿದ್ದ. ರಘುನಂದನ್ ಬಿದ್ದು ಬಿದ್ದು ನಕ್ಕಿದ್ದ. ಈಗ ಆ ನಾಲ್ಕು ಹಳೇ ಸ್ಪ್ರಿಂಗುಗಳು ಬೆಂಚಿನ ಮೇಲೆ ಸಾಲಾಗಿ ನಿಂತಿದ್ದವು, ಕೊಯಮತ್ತೂರಿನಿಂದ ಪಾರ್ಸೆಲ್ಲಿನಲ್ಲಿ ಬಂದ ಹೊಸವು ಕಾರಿನ ಕೆಳಗಿದ್ದವು. ಬಿಚ್ಚಿದ ಕೂಡಲೇ ಅವನು ಹಳೆಯವನ್ನು ಅಳೆದಿದ್ದ. ಯಾಕೆ ಅಳೆಯಬೇಕಿತ್ತೋ, ಗೊತ್ತಿರುವುದನ್ನು. ಮುನ್ನೂರ ನಲವತ್ತು ಮಿಲಿಮೀಟರ್. ಗೋಡೆಯ ಮೇಲಿನ ಪೆನ್ಸಿಲೂ ಅದನ್ನೇ ಹೇಳುತ್ತಿತ್ತು. ಒಂದು ಕೂದಲೆಳೆಯಷ್ಟೂ ಕೂತಿರಲಿಲ್ಲ. ಜವರಯ್ಯ ಗೋಣಿಚೀಲ ತಂದು ಅವುಗಳ ಮೇಲೆ ಹೊದಿಸಿದ.

ಹೋದ ವರ್ಷ ಆಸ್ಪತ್ರೆಯ ವರಾಂಡದಲ್ಲಿ ಸುನಿತಾ ಕೇಳಿದ್ದು ಒಂದೇ ಮಾತು, ಏನಾಯ್ತು ಜವರಣ್ಣ ಅಂತ. ಅವಳ ಸೆರಗಿನ ತುದಿ ಒದ್ದೆಯಾಗಿತ್ತು. ಅವನ ಮೈಗೆ ಒಂದು ಗೀರೂ ಬಿದ್ದಿರಲಿಲ್ಲ. ಅದೇ ಒಂದು ಅವಮಾನದಂತೆ ಅವನು ಅಂಗಿಯ ತೋಳನ್ನು ಕೆಳಗೆಳೆದುಕೊಂಡು ನಿಂತಿದ್ದ. ಸ್ಪ್ರಿಂಗ್ ಕೂತುಬಿಟ್ಟಿತ್ತು ಅಕ್ಕ, ಅಂದ. ಯಾರ ಬಾಯಿಂದ ಬಂತು ಆ ಮಾತು ಎಂದು ಹಿಂದೆ ತಿರುಗಿ ನೋಡುವ ಹಾಗಾಯಿತು. ಬೇರೆ ಯಾರಾದರೂ ಹೇಳಿದ್ದರೆ ಸುನಿತಾ ಇನ್ನೊಂದು ಪ್ರಶ್ನೆ ಕೇಳುತ್ತಿದ್ದಳೋ ಏನೋ. ಸ್ಪ್ರಿಂಗಿನ ವಿಷಯ ಜವರಯ್ಯ ಹೇಳಿದ ಮೇಲೆ ಮುಗಿಯಿತು, ವೈದ್ಯರು ಹೇಳಿದ ಹಾಗೆ. ರಘುನಂದನನಿಗೆ ಎಚ್ಚರವಾದ ಮೇಲೆ ಅವನಿಗೂ ಅದೇ ಮಾತು ತಲುಪಿತು. ಹುಣಸೇಮರ ದಾಟಿದ್ದು ಜ್ಞಾಪಕವಿದೆ, ಆಮೇಲೆ ಆಸ್ಪತ್ರೆಯ ಫ್ಯಾನು ಜ್ಞಾಪಕವಿದೆ, ನಡುವಿನದು ಏನೂ ಇಲ್ಲ ಎಂದು ಅವನು ಬಂದವರಿಗೆಲ್ಲ ಹೇಳುತ್ತಿದ್ದ. ಸ್ಪ್ರಿಂಗಿನವನೇ ಪಕ್ಕದಲ್ಲಿ ಕೂತಿದ್ದರೂ ಸ್ಪ್ರಿಂಗ್ ಕೈಕೊಟ್ಟಿತಲ್ಲ ಎಂದು ಇಬ್ಬರ ಊರಾದ ಅರಕೆರೆಯ ಹೋಟೆಲಿನಲ್ಲಿ ಜನ ಆಡಿಕೊಂಡರು. ಜವರಯ್ಯ ಅದನ್ನು ಕೇಳಿಸಿಕೊಂಡು ಕಾಫಿ ಕುಡಿದ. ಕಸುಬಿನ ಮರ್ಯಾದೆ ಹೋದರೆ ಹೋಗಲಿ, ಇದು ಅಗ್ಗದಲ್ಲಿ ಮುಗಿಯಿತು ಎಂದು ಅವನಿಗೆ ಅನ್ನಿಸಿದ್ದೂ ಉಂಟು. ಈಗ ಅದೇ ಸುಳ್ಳಿನ ಧೈರ್ಯದ ಮೇಲೆ ಸುನಿತಾ ಮಗಳನ್ನು ಕಳಿಸುತ್ತಿದ್ದಾಳೆ. ಹೊಸ ಸ್ಪ್ರಿಂಗ್ ಹಾಕಿಸ್ತಾ ಅವ್ರಲ್ಲ, ಇನ್ನೇನು ಭಯ ಅಂದಳಂತೆ. ರಘುನಂದನ್ ನಗುತ್ತಾ ಅದನ್ನೂ ಫೋನಿನಲ್ಲಿ ಹೇಳಿದ್ದ.

ಆ ತಿರುವು ತಪ್ಪಿದ್ದಾದರೂ ಹೇಗೆ? ಮರೆವು ಅಂದಿದ್ದರೆ ಅವನು ತನ್ನನ್ನು ಎಂದೋ ಕ್ಷಮಿಸಿಕೊಳ್ಳುತ್ತಿದ್ದ. ಆ ರೇಸಿಗೆ ಎರಡು ದಿನ ಮುಂಚೆ ದಾರಿ ನೋಡಲು ಹೋಗಿದ್ದರು. ರಘುನಂದನ್ ಮೆಲ್ಲಗೆ ಓಡಿಸುವುದು, ಜವರಯ್ಯ ತಿರುವುಗಳನ್ನು ಬರೆದುಕೊಳ್ಳುವುದು. ಒಂದು ಅಂದರೆ ತೀರ ಕಡಿದಾದ ತಿರುವು, ಆರು ಅಂದರೆ ಸ್ಟೇರಿಂಗ್ ಮುಟ್ಟಿದರೆ ಸಾಕು. ಹುಣಸೇಮರದ ಹತ್ತಿರ ಬೆಂಗಳೂರಿನ ಯಾರೋ ರೇಸಿನವನು ಫೋನ್ ಮಾಡಿದ. ಪಕ್ಕದಲ್ಲಿ ಯಾರನ್ನು ಕೂರಿಸಿಕೊಳ್ಳುತ್ತೀಯ ಎಂದು ಕೇಳಿದನೇನೋ. ರಘುನಂದನ್ ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು, "ನಮ್ ಹುಡ್ಗ ಒಬ್ಬ ಅವ್ನೆ, ಸ್ಪ್ರಿಂಗ್ ಕೆಲ್ಸದವ್ನು. ಅವನ್ನೇ ಕೂರುಸ್ಕೊತೀನಿ, ಭಾರಕ್ಕಾಯ್ತದೆ," ಅಂದ. ಅಂದು, ಏನೂ ಆಗದವನಂತೆ ಗೇರು ಬದಲಾಯಿಸಿದ. ಜವರಯ್ಯನಿಗೆ ಆಗ ನಲವತ್ತೆರಡು ವರ್ಷ. ಇಬ್ಬರೂ ಅರಕೆರೆಯ ಸ್ಕೂಲಿನಲ್ಲಿ ಒಂದೇ ಕ್ಲಾಸು. ಅದು ನಿಜ, ಜವರಯ್ಯನ ಅಪ್ಪ ಶಿವಲಿಂಗಯ್ಯ ರಘುನಂದನನ ಅಪ್ಪ ಹೊನ್ನಪ್ಪನವರ ಗದ್ದೆಗೆ ನೀರು ಕಟ್ಟುತ್ತಿದ್ದ. ಜವರಯ್ಯನೂ ಅವರ ಮನೆಯ ಹಿತ್ತಲ ಜಗಲಿಯಲ್ಲಿ ಕೂತು ಊಟ ಮಾಡಿದ್ದ, ಅದೂ ನಿಜ. ಆದರೂ ಭಾರಕ್ಕೆ ಅನ್ನುವುದೇ? ಅವನು ಪೆನ್ನನ್ನು ಜೇಬಿಗೆ ಸಿಕ್ಕಿಸಿ ಕಿಟಕಿಯಾಚೆ ನೋಡುತ್ತಾ ಕೂತ. ಭಾರ ತಾನೇ, ಭಾರ ಬರೆಯುವುದಿಲ್ಲ. ಕಾರು ತೂಬಿನ ಹತ್ತಿರ ಎಡಕ್ಕೆ ತಿರುಗಿದ್ದು ಅವನ ಮೈಗೆ ಗೊತ್ತಾಯಿತು, ಕೈಗೆ ಗೊತ್ತಾಗಲಿಲ್ಲ. ಏರು ಬಂದಾಗ ಮತ್ತೆ ಬರೆಯಲು ಶುರುಮಾಡಿದ, ಹೊಸ ಹಾಳೆಯಲ್ಲಿ. ಅರ್ಧ ಕಿಲೋಮೀಟರಿನ ಮುನಿಸು. ರಾತ್ರಿ ತುಂಬಿಸಿದರಾಯಿತು ಅಂದುಕೊಂಡ, ಮರುದಿನ ಟ್ರೈಲರಿನ ಕೆಲಸ ಬಂತು, ಆಮೇಲೆ ರೇಸಿನ ಧೂಳಿನಲ್ಲಿ ಮುಂದಿನದು ಏನೂ ಕಾಣದೆ ರಘುನಂದನ್ ಅವನ ಬಾಯನ್ನು ನಂಬಿಕೊಂಡು ನೇರ ಹೋದ.

ಇಷ್ಟೆಲ್ಲ ಆದರೂ ಅವನಿಗೆ ಆ ಸೀಟು ಬೇಕಾಗಿತ್ತು, ನಾಚಿಕೆಗೇಡು. ಹೊರಗೆ ರಘುನಂದನ್ ಅವನಿಗೆ ರಘಣ್ಣ, ಬನ್ನಿ, ಕೂತ್ಕೊಳಿ. ಹೆಲ್ಮೆಟ್ ಹಾಕಿ ಬಾಗಿಲು ಮುಚ್ಚಿದರೆ ಮಾತ್ರ ಲೆಕ್ಕ ತಿರುಗುತ್ತಿತ್ತು. ಹಿಡಿ. ಬಿಡು. ಬಲ ಮೂರು. ಈಗ ಬೇಡ, ಈಗ. ಹೊನ್ನಪ್ಪನವರ ಮಗ ತುಟಿಪಿಟಕ್ಕೆನ್ನದೆ ಅವನು ಹೇಳಿದ ಹಾಗೆ ಕೇಳುತ್ತಿದ್ದ, ವರ್ಷಕ್ಕೆ ಎರಡು ಸಲ, ಒಟ್ಟು ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷಕ್ಕೋಸ್ಕರ ಅವನು ಉಳಿದ ವರ್ಷವೆಲ್ಲ ಅಣ್ಣ ಅನ್ನಲು ತಯಾರಿದ್ದ. ಈಗ ಅಲ್ಲಿ ಮೂಟೆ ಕೂತಿತ್ತು, ಎದೆಯ ಮೇಲೆ ಹಸುವಿನ ಚಿತ್ರ ಹೊತ್ತುಕೊಂಡು. ಜವರಯ್ಯನಿಗೆ ಒಂದು ಉಪಾಯ ಹೊಳೆದಿತ್ತು. ನೋಟ್‌ಬುಕ್ ತರುತ್ತಾರಲ್ಲ, ಒಂದು ಸಲ ಕೊಡಿ ನೋಡ್ತೀನಿ ಅನ್ನುವುದು, ಬೆಂಚಿನ ಹಿಂದೆ ನಿಂತು ಹುಣಸೇಮರದ ಕೆಳಗಿನ ಖಾಲಿ ಗೆರೆಯಲ್ಲಿ ತಿರುವನ್ನು ಬರೆದುಬಿಡುವುದು. ಅದೇ ನೀಲಿ ಪೆನ್ನು ಡ್ರಾಯರಿನಲ್ಲಿತ್ತು. ತೆಗೆದು ಅಂಗೈ ಮೇಲೆ ಗೀಚಿ ನೋಡಿದ, ಬರೆಯುತ್ತಿತ್ತು. ಹುಡುಗಿಗೂ ಅಪಾಯವಿಲ್ಲ, ತನಗೂ ಇಲ್ಲ. ಅವನು ಆ ಬೆಳಿಗ್ಗೆ ಮೊದಲ ಸಲ ನೆಮ್ಮದಿಯಾಗಿ ಉಸಿರಾಡಿ, ಮೂಟೆ ತೂಗುವ ನಾಲ್ಕು ನೆಲದ ತಕ್ಕಡಿಗಳನ್ನು ಚಕ್ರಗಳ ಕೆಳಗೆ ಹೊಂದಿಸಲು ಹೋದ.

ಆಲೆಮನೆಯ ಸೋಮಯ್ಯನಿಂದ ಎರಡು, ಡೈರಿಯಿಂದ ಎರಡು ತಂದಿದ್ದ. ನಾಲ್ಕು ಚಕ್ರಕ್ಕೆ ನಾಲ್ಕು ತಕ್ಕಡಿ, ಒಂದೊಂದು ಚಕ್ರ ಎಷ್ಟು ಭಾರ ಹೊತ್ತಿದೆ ಅಂತ ಬೇರೆ ಬೇರೆ ಗೊತ್ತಾಗಬೇಕು. ಕುಂಟುವ ಮೇಜಿನ ಒಂದು ಕಾಲಿಗೆ ಕಾಗದ ಮಡಿಸಿ ಕೊಟ್ಟರೆ ಅದರ ಓರೆಯಲ್ಲಿರುವ ಕಾಲಿಗೂ ಭಾರ ಏರುತ್ತದಲ್ಲ, ಇದೂ ಹಾಗೆಯೇ. ಒಂದು ಮೂಲೆಯ ಸ್ಪ್ರಿಂಗಿನ ಕೆಳಗಿನ ರಿಂಗನ್ನು ಅರ್ಧ ಸುತ್ತು ತಿರುಗಿಸಿದರೆ ನಾಲ್ಕೂ ಕಡೆ ಲೆಕ್ಕ ಬದಲಾಗುತ್ತದೆ. ಮುಂದಿನ ಎರಡು ಚಕ್ರಗಳ ಕೆಳಗೆ ಫೀಡಿನ ಖಾಲಿ ಚೀಲ ಎರಡೆರಡು ಮಡಿಸಿ, ನಡುವೆ ಗ್ರೀಸ್ ಬಳಿದು ಇಟ್ಟ. ಹೀಗೆ ಮಾಡಿದರೆ ಚಕ್ರ ಎಲ್ಲೂ ಕಚ್ಚಿಕೊಳ್ಳದೆ ಜಾರುತ್ತದೆ, ಸ್ಪ್ರಿಂಗು ತನ್ನ ಪಾಡಿಗೆ ತಾನು ಕೂರುತ್ತದೆ. ಅಷ್ಟರಲ್ಲಿ ತಂದೆ ಮಗಳು ಸ್ಕೂಟರಿನಲ್ಲಿ ಬಂದಿಳಿದರು. ರಘುನಂದನ್ ಹೆಗಲನ್ನು ತಿರುವಿಕೊಳ್ಳುತ್ತಾ, ಒಳ್ಳೇ ಬೆಲ್ಟೇ ಕಟ್ಟಿದ್ದೀಯಲ್ಲಾ ಎಂದು ಮೂಟೆಯನ್ನು ನೋಡಿ ನಕ್ಕ. ಜವರಯ್ಯನೂ ನಕ್ಕ. ಮೂಟೆ ಯಾಕೆ, ಹೇಗೂ ನಾನೇ ಬಂದಿದ್ದೀನಲ್ಲ ಎಂದು ಶ್ವೇತ ಕೇಳಿದಳು. ಆಗ ಮೂಟೆಯನ್ನು ಇಳಿಸಿ ಗೋಡೆಗೆ ಒರಗಿಸಿದ್ದಾಯಿತು. ನೋಟ್‌ಬುಕ್ಕು ಎಂದು ಜವರಯ್ಯ ಬಾಯಿ ತೆರೆಯುವ ಮೊದಲೇ ಅವಳು ಬ್ಯಾಗಿನಿಂದ ಒಂದು ಹೊಸ ಪುಸ್ತಕ ತೆಗೆದಳು. ಹಳೆಯದಕ್ಕೆ ಎಣ್ಣೆ ಹತ್ತಿತ್ತಂತೆ, ಅದಕ್ಕೇ ಪೂರ್ತಿ ನಕಲು ಮಾಡಿದಳಂತೆ. ದುಂಡಗಿನ ಅಕ್ಷರ, ಬಲಕ್ಕೆ ಕೆಂಪು, ಎಡಕ್ಕೆ ಹಸಿರು, ಪ್ರತಿ ಹಾಳೆಯ ಸುತ್ತ ಸ್ಕೇಲಿಟ್ಟು ಎಳೆದ ಅಂಚು. ಎರಡಕ್ಷರ ಸೇರಿಸಲೂ ಖಾಲಿ ಗೆರೆ ಇರಲಿಲ್ಲ. ಅವನ ತಪ್ಪನ್ನು ಆ ಹುಡುಗಿ ಒಂದಕ್ಷರ ಬಿಡದೆ ಚೆಂದ ಮಾಡಿ ಬರೆದಿದ್ದಳು. "ನೋಡಿ ಜವರಣ್ಣ, ಏನಾರ ಬಿಟ್ಟಿದ್ದೀನಾ?" ಎಂದು ಕೇಳಿದಳು. ಅವನು ಹಾಳೆ ಮಗುಚಿ ನೋಡಿದ ಹಾಗೆ ಮಾಡಿ, ಏನೂ ಬಿಟ್ಟಿಲ್ಲ ಎಂದು ವಾಪಸು ಕೊಟ್ಟ. ಅದು ನಿಜವೂ ಆಗಿತ್ತು.

ಇಬ್ಬರೂ ಕಾರಿನಲ್ಲಿ ಕೂತರು. ಜವರಯ್ಯ ಎಡಗಡೆಯ ಮುಂದಿನ ಚಕ್ರದ ಪಕ್ಕ ಮಂಡಿಯೂರಿ ರಿಂಗ್ ತಿರುಗಿಸುತ್ತಿದ್ದ. ಅವನ ಕಿವಿಯ ಮಟ್ಟಕ್ಕೆ ಹುಡುಗಿಯ ಕಿಟಕಿ. ಸುಮ್ಮನೆ ಕೂರುವ ಬದಲು ಒಂದು ಸಲ ಓದು, ಬಾಯಿ ಹದವಾಗಲಿ ಎಂದು ರಘುನಂದನ್ ಹೇಳಿ ಕಣ್ಣು ಮುಚ್ಚಿ ಸ್ಟೇರಿಂಗ್ ಹಿಡಿದ. ಇಷ್ಟು ವರ್ಷ ಅವರಿಬ್ಬರೂ ಮಾಡುತ್ತಿದ್ದದ್ದು ಹೀಗೆಯೇ. ಹುಡುಗಿ ಓದತೊಡಗಿದಳು. ಗೇಟು, ನೇರ ನೂರು, ಎಡ ನಾಲ್ಕು. ಚಕ್ರ ಗ್ರೀಸಿನ ಮೇಲೆ ಮೆಲ್ಲಗೆ ಎಡಕ್ಕೆ ಹೊರಳಿತು, ನೇರವಾಯಿತು. ಪಂಪ್‌ಹೌಸು, ಬಲ ಐದು. ಚಕ್ರ ಬಲಕ್ಕೆ ಹೊರಳಿತು. ಚೆನ್ನಾಗಿ ಓದುತ್ತಾಳೆ, ನನಗಿಂತ ಚೆನ್ನಾಗಿ ಎಂದು ಜವರಯ್ಯ ಅಂದುಕೊಂಡ, ಹೊಟ್ಟೆ ಉರಿಯಲಿಲ್ಲ, ಅದಕ್ಕೆ ಪುರುಸೊತ್ತಿರಲಿಲ್ಲ. ಇನ್ನು ಆರು ತಿರುವಿಗೆ ಹುಣಸೇಮರ. ಹೇಳಿದರೆ ಈಗ ಹೇಳಬೇಕು. ಹೇಳಿದರೆ ಏನಾಗುತ್ತದೆ? ಶೆಡ್ಡಿಗೆ ಇನ್ನು ಈ ಕಾರು ಬರುವುದಿಲ್ಲ. ಅರಕೆರೆಗೆ ಹೋದರೆ ಯಾರ ಮುಖ ನೋಡುವುದು? ಅಥವಾ ಶನಿವಾರ ಫೋನ್ ಮಾಡಿ, ಮರೆತಿದ್ದೆ, ಅಲ್ಲೊಂದು ತಿರುವಿದೆ ಅಂದರೆ? ಐದು ತಿರುವು. ನಾಲ್ಕು. ಅವನು ರಿಂಗನ್ನು ಬೇಡದಿದ್ದರೂ ಇನ್ನೊಂದು ಸುತ್ತು ತಿರುಗಿಸಿದ. "ಹುಣಸೇಮರ, ಬಲ ಮೂರು," ಎಂದಳು ಶ್ವೇತ, ಹಾಳೆ ಮಗುಚಿದಳು, "ಏರು, ನೇರ ಇನ್ನೂರು." ಚಕ್ರ ಬಲಕ್ಕೆ ಹೊರಳಿತು, ನೇರವಾಯಿತು, ಆಮೇಲೆ, ಯಾರೂ ಏನೂ ಹೇಳದೆ, ನಿಧಾನಕ್ಕೆ ಎಡಕ್ಕೆ ಹೊರಳಿತು.

ಅವನ ಮೂಗಿನಿಂದ ಒಂದು ಗೇಣು ದೂರದಲ್ಲಿ ಚಕ್ರ ಎಡಕ್ಕೆ ತಿರುಗಿ ನಿಂತಿತ್ತು, ಎಷ್ಟು ತಿರುಗಬೇಕೋ ಅಷ್ಟು. ಅಪ್ಪ, ನೇರ ಅಂದೆ ಎಂದಳು ಶ್ವೇತ. ರಘುನಂದನ್ ಕಣ್ಣು ಬಿಟ್ಟು ತನ್ನ ಕೈಗಳನ್ನೇ ನೋಡುತ್ತಿದ್ದ. ಅಲ್ಲಿ ಏನೋ ಇತ್ತಲ್ಲಾ ಎಂದು ಮೆಲ್ಲಗೆ ಅಂದ, ಯಾರಿಗೂ ಅಲ್ಲದ ಹಾಗೆ. ಜವರಯ್ಯ ಎದ್ದು ನಿಲ್ಲಲಿಲ್ಲ. ಎದ್ದರೆ ಮುಖ ಕಾಣುತ್ತದೆ.

"ಎಡ ಎರಡು. ತೂಬು," ಎಂದ ಚಕ್ರದ ಪಕ್ಕದಿಂದಲೇ. "ಬುಕ್ಕಲ್ಲಿ ಇಲ್ಲ ಕಣವ್ವ. ನಾನು ಬರ್ದಿರ್ನಿಲ್ಲ. ಅವತ್ತು ಓದ್ನೂ ಇಲ್ಲ."

ರಸ್ತೆಯಲ್ಲಿ ಕಬ್ಬಿನ ಟ್ರಾಕ್ಟರು ಹೋಯಿತು. ಹುಡುಗಿ ಪೆನ್ನು ತೆಗೆದಳು, ಹಸಿರು ಪೆನ್ನು, ಆಮೇಲೆ ಎಲ್ಲಿ ಬರೆಯುವುದೆಂದು ತಿಳಿಯದೆ ಹಾಳೆಯನ್ನು ನೋಡುತ್ತಾ ಕೂತಳು. ರಘುನಂದನ್ ಕೇಳಿದ್ದು ತಿರುವಿನ ಸುದ್ದಿಯನ್ನಲ್ಲ.

"ಹಳೇ ಸ್ಪ್ರಿಂಗ್ ಎಲ್ಲಿ ಅವೆ?"

"ಬೆಂಚ್ ಮ್ಯಾಲವೆ. ಗೋಣಿಚೀಲದ ಕೆಳಗೆ."

"ಎಷ್ಟುದ್ದ ಅವೆ?"

"ಮುನ್ನೂರ ನಲವತ್ತು," ಎಂದ ಜವರಯ್ಯ. "ಹೊಸದ್ರಲ್ಲಿ ಎಷ್ಟಿತ್ತೋ ಅಷ್ಟೇ."

ರಘುನಂದನ್ ಇಳಿದು ಹೋಗಿ, ಗೋಣಿಚೀಲ ಎತ್ತಿ, ಒಂದನ್ನು ಎಡಗೈಯಲ್ಲಿ ಹಿಡಿದು ಕಿಟಕಿಯ ಪಕ್ಕದ ಪೆನ್ಸಿಲ್ ಬರಹವನ್ನು ಓದಿದ. ಬಲಗೈ ಅಷ್ಟು ಎತ್ತರಕ್ಕೆ ಏಳುತ್ತಿರಲಿಲ್ಲ. ಅವನು ಬೈದಿದ್ದರೆ ಚೆನ್ನಾಗಿತ್ತು, ಒಂದು ಏಟು ಕೊಟ್ಟಿದ್ದರೆ ಇನ್ನೂ ಚೆನ್ನಾಗಿತ್ತು. ಜವರಯ್ಯ ಕತ್ತು ಬಗ್ಗಿಸಿ ಅದಕ್ಕೇ ಕಾಯುತ್ತಿದ್ದ. ಯಾಕೆ ಬರೆಯಲಿಲ್ಲ ಎಂದು ರಘುನಂದನ್ ಕೇಳಿದ. ಭಾರಕ್ಕಾಯ್ತದೆ ಅಂದ್ರಲ್ಲ ಫೋನಲ್ಲಿ ಎಂದು ಹೇಳಲು ಜವರಯ್ಯನ ಬಾಯಿಗೆ ಬಂತು. ಒಂದು ವರ್ಷ ಹೊತ್ತ ಮಾತು, ಈಗ ನಾಲಿಗೆಯ ತುದಿಗೆ ಬಂದಾಗ ಎಷ್ಟು ಸಣ್ಣದಾಗಿತ್ತು ಅಂದರೆ ಮುರಿದ ಒಂದು ಮೂಳೆಯ ಎದುರು ಇಡಲು ಅವನಿಗೆ ನಾಚಿಕೆಯಾಯಿತು. ಆದರೂ ಹೇಳಿದ. ಯಾವಾಗ ಅಂದೆ ಎಂದು ರಘುನಂದನ್ ಕೇಳಿದ. ಅವನಿಗೆ ನಿಜವಾಗಿಯೂ ಜ್ಞಾಪಕವಿರಲಿಲ್ಲ. ಇದು ತಲೆಗೆ ಪೆಟ್ಟು ಬಿದ್ದು ಮರೆತದ್ದಲ್ಲ. ಸ್ಪ್ರಿಂಗನ್ನು ಬೆಂಚಿನ ಮೇಲೆ ಇಟ್ಟು, ಗೋಡೆಗೆ ಒರಗಿದ್ದ ಮೂಟೆಯ ಕಡೆ ಒಂದು ಸಲ ನೋಡಿ, ಮುಖ ತಿರುಗಿಸಿಕೊಂಡ.

"ಇವೇ ಹಾಕು ವಾಪಸ್ಸು, ನಾಳೆ," ಎಂದ. "ಈಗ ಕಾರ್ ಹತ್ತು. ಸುನಿತಾಗೆ ನೀನೇ ಯೋಳು. ನಾನಂತೂ ಯೋಳಕಿಲ್ಲ."

ಜವರಯ್ಯ ಹಿಂದಿನ ಸೀಟಿನಲ್ಲಿ ಕೂತ. ಹನ್ನೊಂದು ವರ್ಷದಲ್ಲಿ ಅಲ್ಲಿ ಕೂತದ್ದು ಅದೇ ಮೊದಲು. ಅರ್ಧಂಬರ್ಧ ಹೊಂದಿಸಿದ ಹೊಸ ಸ್ಪ್ರಿಂಗು ಕಲ್ಲಿನಂತಿತ್ತು. ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಬೆನ್ನುಹುರಿಯ ಮಣಿಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಇದು ನಾಲ್ಕೂವರೆ ಕಿಲೋದ್ದು, ಕೊಯಮತ್ತೂರಿನವರು ಮೂರೂವರೆ ಅಂದಿದ್ದರು ಎಂದು ಅವನ ಸೊಂಟ ತನ್ನಷ್ಟಕ್ಕೆ ಲೆಕ್ಕ ಹಾಕಿತು. ಮುಂದೆ ಶ್ವೇತ ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ಅಂಚಿನ ಗೆರೆಯ ಹೊರಗೆ ಸಣ್ಣ ಅಕ್ಷರದಲ್ಲಿ ಏನೋ ಬರೆಯುತ್ತಿದ್ದಳು, ಕಾರು ಕುಲುಕಿದಾಗೆಲ್ಲ ನಿಲ್ಲಿಸಿ. ಎರಡೇ ತಾನೆ ಎಂದು ತಿರುಗದೆ ಕೇಳಿದಳು. ಎರಡು, ನೆಲ ಒದ್ದೆಯಿದ್ದರೆ ಒಂದು ಎಂದು ಜವರಯ್ಯ ಹೇಳಿದ. ಅದನ್ನೂ ಬರೆದುಕೊಂಡಳು. ಕರಿಘಟ್ಟ ಹಿಂದಾಯಿತು. ಗದ್ದೆಗಳ ನಡುವೆ ದಾರಿ ನೇರವಾಗಿತ್ತು, ಹೇಳುವಂಥದ್ದು ಏನೂ ಇರಲಿಲ್ಲ. ಅರಕೆರೆ ಬಂದಾಗ ಅವನಿಗೆ ಕಾರಿನಿಂದ ಇಳಿಯದೆ ಹೀಗೇ ಬನ್ನೂರಿನವರೆಗೂ ಹೋಗಿಬಿಟ್ಟರೆ ಆಗದೇ ಎಂದು ಆಸೆಯಾಯಿತು. ಹೆದರಿಕೆಯಾಗುತ್ತಿತ್ತು, ಸುಳ್ಳೇಕೆ ಹೇಳುವುದು.

ಸುನಿತಾ ಗೇಟಿನ ಹತ್ತಿರ ರಾಗಿ ಹರವುತ್ತಿದ್ದಳು. ಕೈ ಒರೆಸಿಕೊಂಡು ಬಂದು, ಹಿಂದಿನ ಸೀಟಿನಲ್ಲಿದ್ದವನನ್ನು ನೋಡಿ, ಏನ್ ಜವರಣ್ಣ, ನೀವೂ ಬಂದ್ರಾ, ಸ್ಪ್ರಿಂಗ್ ಸರಿಯಾಯ್ತಾ ಎಂದು ಕೇಳಿದಳು. ಮುಂದೆ ಕೂತಿದ್ದ ಇಬ್ಬರೂ ಗಾಜಿನಾಚೆ ನೇರ ನೋಡುತ್ತಿದ್ದರು. ಜವರಯ್ಯ ಬಾಗಿಲು ತೆಗೆದು ಇಳಿದ. ಅವನು ಇಳಿದ ಮೇಲೆ ಕಾರಿನ ಹಿಂಭಾಗ ಒಂದು ಬೆರಳಿನಷ್ಟು ಮೇಲೆದ್ದು ನಿಂತಿತು.

"ಅಕ್ಕ," ಎಂದ. "ಸ್ಪ್ರಿಂಗು ಮೊದ್ಲಿಂದ್ಲೂ ಸರಿಯಾಗೇ ಇತ್ತು."